ಕೆಳಮುಖದ ಫ್ಯಾನು

ಅಂಗಡಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಅವಳು ಕಂಪ್ಯೂಟರ್ ಡಬ್ಬವೊಂದರ ಜಾಲರಿಯನ್ನು ಹಳೇ ಟೂತ್‌ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಬೂದು ಧೂಳು ಹಿಂಜಿದ ಹತ್ತಿಯ ಹಾಗೆ ಸುರುಳಿಯಾಗಿ ಮಡಿಲಿಗೆ ಬೀಳುತ್ತಿತ್ತು. ಒಳಗೆ ಭಾವ ಯಾರೊಡನೆಯೋ ಫೋನಿನಲ್ಲಿ ನಗುತ್ತಿದ್ದ. ಇವಳದು ತುಟಿ ಬಿಚ್ಚುವ ಸ್ವಭಾವವೇ ಅಲ್ಲ. ಅದಕ್ಕೇ ಭಾವ ಇಲಿಮರಿ ಎಂದು ಹೆಸರಿಟ್ಟಿದ್ದ.

ಶಾಲೆ ಅರ್ಧಕ್ಕೆ ಬಿಟ್ಟು ಅಕ್ಕನ ಮನೆ ಸೇರಿದವಳು. ಮೇಲೆ ಮನೆ, ಕೆಳಗೆ ಭಾವನ ರಿಪೇರಿ ಅಂಗಡಿ. ಮೇಲೆ ಭಾವನ ತಾಯಿ ಹಾಸಿಗೆ ಹಿಡಿದಿದ್ದರು. ಅವರನ್ನು ಎತ್ತಿ ಕೂರಿಸಿ, ತೊಳೆದು, ಮಗ್ಗುಲು ಬದಲಿಸಿ ಅಕ್ಕನ ಸೊಂಟ ಬಿದ್ದುಹೋಗಿತ್ತು. ಕೆಳಗೆ ಧೂಳು ಹೊಡೆಯುವುದು ಇಲಿಮರಿಯ ಪಾಲಿನ ಕೆಲಸ. ಧೂಳು ಹೊಡೆಯುತ್ತಲೇ ಭಾವನ ಬೆರಳುಗಳನ್ನು ಕದ್ದು ನೋಡಿ ಎಷ್ಟೋ ಕಲಿತಿದ್ದಳು.

ಜಾಲರಿ ತೊಳೆದಿಟ್ಟು, ಯಾವ ಧೈರ್ಯದಲ್ಲೋ ಒಳಗೆ ಹೋಗಿ ಕೇಳಿಬಿಟ್ಟಳು.

"ಭಾವ, ಒಂದ್ಸಲ ನಾನೇ ಒಂದು ಮಷೀನು ಕಟ್ಟಲಾ?"

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಏ, ಕೇಳಿಸ್ತೇನೇ? ನಿನ್ನ ತಂಗಿಗೆ ಬಾಯಿ ಬಂತು!" ಎಂದು ಮಹಡಿಯ ಕಡೆ ಮುಖ ಮಾಡಿ ಹೆಂಡತಿಗೆ ಕೂಗಿದ. "ಆಯ್ತು. ಫೋಟೋ ಸ್ಟುಡಿಯೋದವ್ರದ್ದು ಕಟ್ಟು. ಅದು ಕೆಟ್ಟು ವಾಪಸ್ ಬರದಿದ್ರೆ ಬೆಂಚಿನ ಹತ್ರ ನಿಂಗೊಂದು ಕುರ್ಚಿ. ಬಂತೋ, ಮತ್ತೆ ಸ್ಕ್ರೂಡ್ರೈವರ್ ಮುಟ್ಟೋ ಹಾಗಿಲ್ಲ. ಮೇಲೆ ಅಮ್ಮನ್ನ ನೋಡ್ಕೊಂಡು ಬಿದ್ದಿರಬೇಕು. ಸರಿನಾ?"

ಅವಳು ತಲೆಯಾಡಿಸಿದಳು.

ಹಳೇ ಡಬ್ಬಗಳಲ್ಲಿ ಕರೆಂಟು ಹಂಚುವ ಪವರ್ ಸಪ್ಲೈ ಮೇಲ್ಗಡೆ ಕೂರುತ್ತಿತ್ತು. ಅದರ ಫ್ಯಾನು ಒಳಕ್ಕೆ ಮುಖ ಮಾಡಿ, ಒಳಗಿನ ಬಿಸಿಗಾಳಿಯನ್ನು ಎಳೆದು ಹಿಂದಕ್ಕೆ ತಳ್ಳುತ್ತಿತ್ತು. ಭಾವನ ಕೈ ಪಳಗಿದ್ದು ಅಂಥವುಗಳಲ್ಲೇ. "ಫ್ಯಾನು ಯಾವತ್ತೂ ಒಳಮುಖ" ಎಂದು ಮಂತ್ರದ ಹಾಗೆ ಹೇಳುತ್ತಿದ್ದ. ಸ್ಟುಡಿಯೋದವರು ತಂದುಕೊಟ್ಟ ಹೊಸ ಡಬ್ಬದಲ್ಲಿ ಸಪ್ಲೈನ ಜಾಗ ತಳದಲ್ಲಿತ್ತು. ಅದರ ನೆತ್ತಿಗೆ ಒಂದು ತೂತೂ ಇಲ್ಲದ ತಗಡು, ಅಡಿಯಲ್ಲಿ ಜಾಲರಿ. ಅವಳು ಫ್ಯಾನನ್ನು ಜಾಲರಿಯ ಕಡೆಗೆ, ಕೆಳಮುಖ ಮಾಡಿ ಕೂರಿಸಿದಳು. ಡಬ್ಬಕ್ಕೆ ಎತ್ತರದ ಕಾಲುಗಳಿದ್ದವು. ತಣ್ಣನೆ ಗಾಳಿ ಅಡಿಯಿಂದಲೇ ಬರಲಿ ಎಂದು. ವೈರುಗಳನ್ನು ಪ್ಲಾಸ್ಟಿಕ್ ಟ್ಯಾಗಿನಿಂದ ಕಟ್ಟಿದಳು. ಮಧ್ಯಾಹ್ನವೆಲ್ಲ ಓಡಿಸಿ, ಹಿಂಭಾಗಕ್ಕೆ ಕೆನ್ನೆ ಹಿಡಿದು ನೋಡಿದಳು. ಬರೀ ಉಗುರುಬೆಚ್ಚಗಿತ್ತು. ಅವತ್ತು ಊಟ ಮಾಡುವಾಗ ತನ್ನಷ್ಟಕ್ಕೆ ನಕ್ಕು ಅಕ್ಕನಿಂದ ಬೈಸಿಕೊಂಡಳು.

ಮರುದಿನ ಬೆಳಿಗ್ಗೆ ಮುದುಕಿಯ ಹಾಸಿಗೆ ಬದಲಿಸಿ ಕೆಳಗಿಳಿದಾಗ ಆ ಡಬ್ಬದ ಪಕ್ಕದ ಬಾಗಿಲಿಗೆ ಭಾವ ಸ್ಕ್ರೂ ತಿರುಗಿಸುತ್ತಿದ್ದ. ಅಕ್ಕ ಟಾರ್ಚ್ ಹಿಡಿದು ನಿಂತಿದ್ದಳು.

"ಏನಾಯ್ತು ಭಾವ?"

"ಏನಿಲ್ಲ. ನೀನು ಒಂದು ಸ್ಕ್ರೂ ಸಡಿಲ ಬಿಟ್ಟಿದ್ದೆ, ಮಹಾ ಮೆಕ್ಯಾನಿಕ್ಕು."

ಅಕ್ಕ ಟಾರ್ಚ್ ಆರಿಸಿ, ತಂಗಿಯ ಮುಖ ನೋಡದೆ ಮೇಲೆ ಹೋದಳು.

ವಾರ ಕಳೆಯುವಷ್ಟರಲ್ಲಿ ಸ್ಟುಡಿಯೋದವನು ಡಬ್ಬವನ್ನು ಹೊತ್ತು ತಂದು ಬೆಂಚಿನ ಮೇಲೆ ಕುಕ್ಕಿದ. "ವೀಡಿಯೋ ಎಡಿಟ್ ಮಾಡ್ತಾ ಕೂತ್ರೆ ಪಟ್ ಅಂತ ಪ್ರಾಣ ಬಿಡತ್ತೆ, ಸಾರ್. ಏನು ಕಟ್ಟಿದ್ದೀರಾ ಇದನ್ನ?"

ಭಾವ ಅದನ್ನು ಓಡಲು ಬಿಟ್ಟ. ಅಕ್ಕ ಟೀ ತಂದಳು. ಗಂಡಸರಿಬ್ಬರೂ ಟೀ ಮುಗಿಸಿ ಮಾತಾಡುತ್ತಾ ಕೂತರು. ಪರದೆ ಪಟ್ಟನೆ ಕಪ್ಪಾಯಿತು. ಭಾವ ಡಬ್ಬ ಬಿಚ್ಚಿದ. ಫ್ಯಾನು ಒಳಮುಖವಾಗಿ, ಮೇಲಿನ ತಗಡಿಗೆ ಮೂಗು ಒತ್ತಿಕೊಂಡು ಕೂತಿತ್ತು. ಒಂದು ಕ್ಷಣ ಅವನ ಕೈ ಅಲ್ಲೇ ನಿಂತಿತು. ಕಿವಿ ಕೆಂಪಾಯಿತು. ಇಲಿಮರಿ ಮೂಲೆಯಿಂದ ನೋಡುತ್ತಿದ್ದಳು, ನೋಡುವುದೊಂದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಆಮೇಲೆ ಭಾವ ಗಂಟಲು ಸರಿಮಾಡಿಕೊಂಡ.

"ನೋಡಿ ಸಾರ್, ನಮ್ಮ ನಾದಿನಿ ಕೈಚಳಕ. ಪಾಪ ಅಂತ ಕಲಿಸಕ್ಕೆ ಹೋದೆ. ಈ ಡಬ್ಬದಲ್ಲಿ ಫ್ಯಾನು ಕೆಳಮುಖ ಇರಬೇಕು, ಅಡಿಯಿಂದ ಗಾಳಿ ಎಳ್ಕೋಬೇಕು. ಇವಳು ತಗಡಿಗೆ ಮುಖ ಮಾಡಿ ಉಸಿರು ಕಟ್ಟಿಸಿದ್ದಾಳೆ." ಅವಳ ಕಡೆ ತಿರುಗಿದ. "ಬಾ ಇಲ್ಲಿ. ಅಂಗೈ ಇಡು ಈ ಸಪ್ಲೈ ಮೇಲೆ. ಇಡೇ!"

ಅವಳು ಇಟ್ಟಳು. ಕಾದ ಹಂಚಿನ ಹಾಗಿತ್ತು. ಎಳೆದುಕೊಳ್ಳಲು ಹೋದಾಗ ಭಾವ ಅವಳ ಮಣಿಕಟ್ಟನ್ನು ಒತ್ತಿ ಹಿಡಿದ. "ಇರ್ಲಿ, ಇರ್ಲಿ. ಜನ್ಮದಲ್ಲಿ ಮರೀಬಾರದು."

ಸ್ಟುಡಿಯೋದವನು ಕಿಸಕ್ಕನೆ ನಕ್ಕ. "ಬಿಡಿ ಸಾರ್, ಇಲಿಮರಿ ಬೆಂದು ಹೋದೀತು."

ಕೈ ಬಿಟ್ಟ ಮೇಲೆ ಅವಳು ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು, ಡಬ್ಬದೊಳಗೆ ಬೆರಳು ತೋರಿಸಿದಳು. "ನಾನು ಟ್ಯಾಗಲ್ಲಿ ಕಟ್ಟಿದ್ದೆ. ಇಲ್ಲಿ ಕಪ್ಪು ಟೇಪಿದೆ."

"ಅಬ್ಬಬ್ಬಾ, ಪತ್ತೇದಾರಿ ಬೇರೆ! ಟೇಪಿಗೆ ಕಾಲು ಬಂದು ತಾನೇ ಸುತ್ಕೊಂತಾ? ಮಾಡಿದ್ದನ್ನ ಒಪ್ಕೊಳ್ಳೋದು ಕಲಿ ಮೊದ್ಲು. ನಾಳೆಯಿಂದ ಕೆಳಗೆ ಇಳಿಬೇಡ ನೀನು."

ಅಕ್ಕ ಖಾಲಿ ಲೋಟಗಳಿಗಾಗಿ ಬಾಗಿಲ ಬಳಿ ಕಾಯುತ್ತಿದ್ದಳು. ಇವಳು ಅವಳ ಕಡೆ ತಿರುಗಿದಳು.

"ಅಕ್ಕಾ, ನೀನೇ ಅಲ್ವಾ ಅವತ್ತು ಟಾರ್ಚ್ ಹಿಡಿದಿದ್ದು?"

ಅಕ್ಕ ಗಂಡನನ್ನು ನೋಡಿದಳು. ಅವನು ಸಪ್ಲೈಯನ್ನು ಹೊರಗೆಳೆದು ಫ್ಯಾನನ್ನು ಕೆಳಮುಖ ಮಾಡುತ್ತಿದ್ದ; ತಲೆ ಎತ್ತಲಿಲ್ಲ. ಮಹಡಿಯಿಂದ ಮುದುಕಿ ನರಳುತ್ತಾ ಕರೆಯುವುದು ಕೇಳಿಸಿತು. ಅಕ್ಕನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. "ಅತ್ತೆ ಒದ್ದೆ ಮಾಡ್ಕೊಂಡಿರ್ಬೇಕು, ಹೋಗಿ ನೋಡು" ಎಂದಳು. ಬೆಂಚಿನ ಮೇಲಿದ್ದ ಲೋಟಗಳನ್ನು ಒಂದರೊಳಗೊಂದು ಸೇರಿಸತೊಡಗಿದಳು.

"ಹೋಗ್ತೀನಿ. ನೀನು ನೋಡಿದ್ದನ್ನ ಒಂದ್ಸಲ ಹೇಳಕ್ಕಾ."