ಜಗಳೂರಿಗೆ ಕೊಟ್ಟ ಜಾಹೀರಾತು

ನ್ಯಾಮತಿಯ ಉಡಚಮ್ಮನ ಜಾಹೀರಾತಿನ ಕಥೆಯನ್ನು ನಾನು ನಾಲ್ಕು ಊರುಗಳಲ್ಲಿ ಕೇಳಿದ್ದೇನೆ. ಚನ್ನಗಿರಿಯವರು ಅದು ಮುಂಗಾರಿಗೆ ಮೊದಲು ನಡೆದದ್ದೆನ್ನುತ್ತಾರೆ, ಹೊನ್ನಾಳಿಯವರು ಮಳೆಗಾಲದಲ್ಲಿ ಎನ್ನುತ್ತಾರೆ. ಶಾವಿಗೆ ಒಣಗಲು ಬಿಸಿಲು ಬೇಕಾದ್ದರಿಂದ ಚನ್ನಗಿರಿಯವರ ಪಾಠವನ್ನೇ ಇಲ್ಲಿ ಅನುಸರಿಸಿದ್ದೇನೆ.

ಉಡಚಮ್ಮ ಕೈಯಂತ್ರದಲ್ಲಿ ಶಾವಿಗೆ ಮಾಡಿ ಮಾರುವಾಕೆ. ಊರೊಳಗೆ ಕೊಳ್ಳುವವರಿರಲಿಲ್ಲ. ಯಾರ ಮನೆಯಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ಆಕೆಯೇ ಒಂದು ಸೇರು ಶಾವಿಗೆಯನ್ನು ಮುಯ್ಯಿಯಾಗಿ ಒಯ್ಯುತ್ತಿದ್ದುದರಿಂದ ಎಲ್ಲರ ಡಬ್ಬಿಗಳೂ ತುಂಬಿದ್ದವು. ಮಳೆ ಹಿಡಿಯುವುದರೊಳಗೆ ಹೊರಗಿನಿಂದ ಒಂದಾದರೂ ಆರ್ಡರ್ ಬರದಿದ್ದರೆ ಯಂತ್ರ ಮಾರಿ ಕೂಲಿಗೆ ಹೋಗುವುದೆಂದು ಆಕೆ ನಿಶ್ಚಯಿಸಿದ್ದಳು.

ಮೊಬೈಲ್ ಅಂಗಡಿ ಇಟ್ಟಿದ್ದ ಅಣ್ಣನ ಮಗ ಸಿದ್ದೇಶ ಇಡೀ ಜಿಲ್ಲೆಯ ಫೋನುಗಳಲ್ಲಿ ಕಾಣುವಂತೆ ಒಂದು ಜಾಹೀರಾತು ಹಾಕಿಕೊಟ್ಟ.

"ಬರೇ ನೋಡಿದ್ರೆ ದುಡ್ಡಿಲ್ಲ ಅತ್ತೆ. ಯಾರಾದ್ರೂ ಬೆರಳಿಟ್ಟು ಒತ್ತಿದ್ರೆ ನಿನ್ನ ಆರು ರೂಪಾಯಿ ಹೋಗ್ತೈತೆ. ದಿನಕ್ಕೆ ಮುನ್ನೂರು ಮುಗೀತು ಅಂದ್ರೆ ನಾಳೆವರೆಗೂ ಅದು ಯಾರಿಗೂ ಕಾಣಲ್ಲ."

ಸುದ್ದಿ ಹಬ್ಬಿತು. ಉಡಚಮ್ಮನ ಮುಯ್ಯಿ ಉಣ್ಣದ ಮನೆ ಊರಿನಲ್ಲಿರಲಿಲ್ಲ. ಆಕೆಯ ಮನೆಯಲ್ಲಿ ಒಂದು ಕಾರ್ಯ ನಡೆದಿರುವಾಗ ಒತ್ತಿ ಮುಯ್ಯಿ ತೀರಿಸದೆ ಕೂರುವುದು ಹೇಗೆ? ಮೊದಲನೆಯ ದಿನ ಏಳು ಗಂಟೆಗೇ ಐವತ್ತು ಮನೆಯವರು ಒತ್ತಿ ಮುಗಿಸಿದರು. ಅವಕಾಶ ಸಿಗದವರು ಮುನಿಸಿಕೊಂಡರು. ಆಗ ಓಣಿಯ ಹಿರಿಯಳಾದ ದೊಡ್ಡಕ್ಕ ಸರದಿ ಗೊತ್ತುಮಾಡಿದಳು: ಸೋಮವಾರ ಮೇಲಿನ ಓಣಿ, ಮಂಗಳವಾರ ಕೆಳಗಿನ ಓಣಿ. ಮುಯ್ಯಿಯನ್ನು ದೂರದಿಂದ ಮಾಡಬಾರದೆಂದು ಬಸವಾಪಟ್ಟಣದ ನೆಂಟರು ಎರಡು ಬಸ್ಸು ಬದಲಿಸಿ ಬಂದು, ಉಡಚಮ್ಮನ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಫೋನಿಗೆ ಕುಂಕುಮ ಹಚ್ಚಿ ಒತ್ತಿದರು. ಅವರಿಗೆ ಪಾಯಸ ಮಾಡಿ ಬಡಿಸಬೇಕಾಯಿತು. ಮಾರಲಿಟ್ಟ ಶಾವಿಗೆ ಕರಗುತ್ತ ಬಂತು.

"ಒತ್ತಬ್ಯಾಡ್ರಿ ಅಂತ ಹೇಳಿಬಿಡು ಅತ್ತೆ," ಎಂದ ಸಿದ್ದೇಶ.

"ಮುಯ್ಯಿ ಬ್ಯಾಡ ಅಂದ್ರೆ ಬಳಗಾನೇ ಬ್ಯಾಡ ಅಂದಂಗೆ. ಹೆಂಗೆ ಹೇಳಾಕೆ ಆಗ್ತೈತೋ? ನಾಳೆ ನಾನು ಸತ್ರೆ ಹೊರಾಕೆ ಯಾರು ಬರ್ತಾರೆ, ನಿನ್ನ ಫೋನಾ?"

ಮೋಡ ಕಟ್ಟತೊಡಗಿತ್ತು. ಸಿದ್ದೇಶ ಅತ್ತೆಯ ಹೊರತು ಯಾರಿಗೂ ಹೇಳದೆ ನ್ಯಾಮತಿ, ಬಸವಾಪಟ್ಟಣಗಳನ್ನು ಜಾಹೀರಾತಿನ ಸೀಮೆಯಿಂದ ಹೊರಗಿಟ್ಟ.

ಮರುದಿನ ಬೆಳಿಗ್ಗೆ ಸರದಿಯವರಿಗೆ ಜಾಹೀರಾತು ಕಾಣಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ದೊಡ್ಡಕ್ಕ ತಲೆಯ ಮೇಲೆ ಸೆರಗು ಹೊದ್ದು ಬಂದಳು.

"ಹೋತಾ?"

ನಿಜ ಹೇಳಿದರೆ ಬಳಗ ಮುರಿಯುತ್ತದೆ. "ಹೋತು," ಎಂದಳು ಉಡಚಮ್ಮ.

"ನರಳಿತಾ?"

"ಇಲ್ಲ. ಇದ್ದಂಗೇ ಹೋತು."

"ಪುಣ್ಯವಂತ ಜೀವ," ಎಂದು ದೊಡ್ಡಕ್ಕ ಹನ್ನೊಂದು ದಿನದ ಸೂತಕ ಸಾರಿದಳು. ಸೂತಕದ ಮನೆಯಲ್ಲಿ ಯಾರೂ ನೀರು ಸಹ ಮುಟ್ಟುವುದಿಲ್ಲ. ಅಲ್ಲಿಂದ ತಿನ್ನುವ ಪದಾರ್ಥ ಹೊರಗೆ ಹೋಗುವಂತೆಯೂ ಇಲ್ಲ.

ಸೂತಕದ ಐದನೆಯ ದಿನ ಜಗಳೂರಿನ ಮಮತಾ ಎಂಬಾಕೆಯಿಂದ ಆರ್ಡರ್ ಬಂತು: ಹನ್ನೆರಡು ಕಿಲೋ, ಎರಡು ದಿನದೊಳಗೆ ಬೇಕು. ಕೊಟ್ಟರೆ ಊರು ದೂರ, ಕೊಡದಿದ್ದರೆ ಯಂತ್ರ ದೂರ. ಉಡಚಮ್ಮ ಸಿದ್ದೇಶನ ಫೋನು ಹಿಡಿದು ನೇರವಾಗಿ ದೊಡ್ಡಕ್ಕನ ಮನೆಗೆ ನಡೆದಳು.

"ದೊಡ್ಡಕ್ಕ, ಅದು ಜಗಳೂರಾಗೆ ಕಂಡೈತಂತೆ."

"ದೆವ್ವ ಆಗೈತಾ?"

"ಇಲ್ಲ. ಚೆನ್ನಾಗೇ ಐತಂತೆ. ಹನ್ನೆರಡು ಕಿಲೋ ಕೇಳೈತೆ."

ದೊಡ್ಡಕ್ಕ ಎಲೆಯಡಿಕೆ ಅಗಿದು ಮುಗಿಯುವವರೆಗೂ ಯೋಚಿಸಿದಳು.

"ತೌರಿನಾಗೆ ಕಾಣಲ್ಲ, ಬ್ಯಾರೆ ಊರಾಗೆ ಸುಖವಾಗೈತೆ, ಅಲ್ಲಿಂದ ಸಾಮಾನು ಕೇಳ್ತೈತೆ. ಸತ್ತೋರು ಹಿಂಗೆ ಮಾಡಲ್ಲ ಕಣೆ. ಇದು ಗಂಡನ ಮನೆಗೆ ಹೋಗೈತೆ."

ಸೂತಕ ಅಲ್ಲಿಗೇ ಕಳೆಯಿತು. ಕೊಟ್ಟ ಹೆಣ್ಣನ್ನು ದಿನಾ ಬೆಳಿಗ್ಗೆ ಯಾರೂ ಹೋಗಿ ಮುಟ್ಟಿ ನೋಡುವುದಿಲ್ಲವಾದ್ದರಿಂದ ಒತ್ತುವ ಸರದಿಯೂ ನಿಂತಿತು. ಇಡೀ ಓಣಿ ಸೇರಿ ಹಿಟ್ಟು ನಾದಿತು. ಮರುದಿನ ಸಂಜೆಯ ಹೊತ್ತಿಗೆ ಹನ್ನೆರಡು ಕಿಲೋ ಶಾವಿಗೆಯ ಜೊತೆಗೆ ಮಗಳ ಮಡಿಲು ತುಂಬಲೆಂದು ಒಂದು ಕುಬಸದ ಕಣ, ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು ಪೆಟ್ಟಿಗೆ ಸೇರಿದವು. ಬಸ್ಸು ಹೊರಟಾಗ ಹೆಂಗಸರು ಅತ್ತರು. ಪೆಟ್ಟಿಗೆಯಲ್ಲಿ ಏನಿದೆಯೆಂದು ಕೇಳಿದ ಕಂಡಕ್ಟರ್, ಮಗಳ ಮಡಿಲಕ್ಕಿ ಎಂದದ್ದಕ್ಕೆ ಲಗೇಜಿನ ಟಿಕೆಟ್ ಹರಿಯಲಿಲ್ಲವೆಂದು ಜಗಳೂರಿನವರು ಹೇಳುತ್ತಾರೆ. ಉಳಿದ ಮೂರು ಊರಿನವರು ಇದನ್ನು ಒಪ್ಪುವುದಿಲ್ಲ.

ಬಸ್ಸು ಇನ್ನೂ ತಿರುವು ದಾಟಿರಲಿಲ್ಲ, ಸಿದ್ದೇಶನ ಫೋನು ಸದ್ದು ಮಾಡಿತು.

"ಅತ್ತೆ, ಹೊನ್ನಾಳಿಯಿಂದ ಎಂಟು ಕಿಲೋ."

ದೊಡ್ಡಕ್ಕ ಕಣ್ಣೊರೆಸಿಕೊಂಡು ನೆಟ್ಟಗೆ ನಿಂತಳು. "ಅದೆಂಗೆ? ಒಂದೇ ಹುಡುಗೀನ ಎರಡು ಊರಿಗೆ ಕೊಡಾಕೆ ಬರಲ್ಲ. ಇಲ್ಲ ಅಂತ ಹೇಳು."

ಹೆಂಗಸರೆಲ್ಲ ಉಡಚಮ್ಮನ ಮುಖ ನೋಡಿದರು. ಆಕೆ ಕೈಗೆ ಮೆತ್ತಿದ್ದ ಹಿಟ್ಟನ್ನು ತಿಕ್ಕಿ ತೆಗೆಯುತ್ತ ಹೇಳಿದಳು:

"ಸಿದ್ದೇಶ, ಇನ್ನೊಂದು ಜಾಹೀರಾತು ಮಾಡು. ಹೊನ್ನಾಳಿಗೆ ಇದರ ತಂಗೀನ ಕೊಡಾಣ."