ಮೂತ್ರಪಿಂಡ ಒಪ್ಪುವ ತನಕ

ರಕ್ತದ ಕ್ಯಾನ್ಸರ್ ಮರಳಿದೆ ಎಂದು ಡಾಕ್ಟರಮ್ಮ ಹೇಳಿದಾಗ ಕ್ಷೌರಿಕ ಮಿಸುಕಾಡಲಿಲ್ಲ. ಕತ್ತಿನ ಗಂಟುಗಳು ಮತ್ತೆ ಕೈಗೆ ಸಿಗತೊಡಗಿದಂದೇ ಅವನಿಗೆ ಗೊತ್ತಾಗಿತ್ತು. ಬೆಳಗಾದರೆ ಕಂಡವರ ಕತ್ತು ಸವರುವ ಬೆರಳಿಗೆ ತನ್ನ ಕತ್ತು ತಿಳಿಯದೆ ಇದ್ದೀತೇ?

"ಹೊಸ ಮಾತ್ರೆ ಬಂದಿದೆಯಂತಲ್ಲ, ನನಗೆ ಆಗುತ್ತಾ?"

"ಅದು ಇರೋದೇ ನಿಮ್ಮಂಥವರಿಗೆ. ಚಿಕಿತ್ಸೆ ಆದಮೇಲೂ ಕಾಯಿಲೆ ತಿರುಗಿ ಬಂದಿರಬೇಕು, ಎದ್ದು ಓಡಾಡೋ ಶಕ್ತಿ ಇರಬೇಕು. ಅವೆರಡೂ ಸರಿ. ಆದರೆ ಕಿಡ್ನಿ ಸೋತಿದೆ. ಮಾತ್ರೆ ಕ್ಯಾನ್ಸರ್ ಕಣಗಳನ್ನ ಒಟ್ಟೊಟ್ಟಿಗೆ ಕೊಲ್ಲುತ್ತೆ, ಆ ಕಸ ಹೊರಹಾಕೋದು ಕಿಡ್ನಿ. ಈಗ ಕೊಟ್ಟರೆ ಅಪಾಯ. ಬೇರೆ ಮಾತ್ರೆ ಏನಾದರೂ ತಗೊಳ್ತೀರಾ?"

"ಇಲ್ಲ."

"ಇಲ್ಲವಂತೆ!" ಪಕ್ಕದಲ್ಲಿದ್ದ ಅಕ್ಕ ಸಿಡಿದಳು. "ಮಂಡಿನೋವು ಅಂತ ನೋವಿನ ಮಾತ್ರೆನ ಪೆಪ್ಪರಮಿಂಟು ತಿಂದ ಹಾಗೆ ತಿಂತಾನೆ ಡಾಕ್ಟ್ರೇ!"

ಡಾಕ್ಟರಮ್ಮ ಅವನನ್ನೇ ನೋಡಿದರು. "ಕಿಡ್ನಿ ಕೆಟ್ಟಿರೋದು ಅದರಿಂದಲೇ ಇರಬಹುದು. ಇವತ್ತೇ ಬಿಡಿ. ಚೆನ್ನಾಗಿ ನೀರು ಕುಡೀರಿ. ಮುಂದಿನ ತಿಂಗಳು ಮತ್ತೆ ನೋಡೋಣ."

ಮನೆಗೆ ಬಂದವನೇ ಮಾತ್ರೆಗಳನ್ನೆಲ್ಲ ಅಕ್ಕನ ಕೈಗೆ ಸುರಿದ. ಮರುದಿನವೇ ಮಂಡಿ ಸೇಡು ತೀರಿಸಿಕೊಳ್ಳತೊಡಗಿತು. ಇಡೀ ದಿನ ನಿಂತು ಮಾಡುವ ಕೆಲಸ. ಸಂಜೆಯಾದರೆ ಕಾಲು ಊರಲಾಗದು.

"ಅಂಗಡಿ ಮುಚ್ಚೋ," ಎಂದಳು ಅಕ್ಕ.

"ಮುಚ್ಚಿ ಮೂಲೆ ಹಿಡಿದರೆ ನಾಳೆ ಓಡಾಡೋ ಶಕ್ತಿನೂ ಇಲ್ಲ ಅಂತಾರೆ. ಸುಮ್ಮನಿರು."

ಎತ್ತರದ ಸ್ಟೂಲೊಂದನ್ನು ತಂದು ಕುಳಿತೇ ಕತ್ತರಿ ಆಡಿಸಿದ. ಹಳೇ ಗಿರಾಕಿಯೊಬ್ಬ ನಕ್ಕ: "ನಾನೂ ಕೂತೆ, ನೀನೂ ಕೂತೆ. ಕೆಲಸ ಮಾಡೋರು ಯಾರಪ್ಪಾ?"

"ಅಲ್ಲಾಡಬೇಡ, ಕಿವಿ ಹೋದೀತು."

ಒಂದು ಸಂಜೆ ಮಾತ್ರ ತಡೆಯಲಾಗದೆ ಔಷಧಿ ಅಂಗಡಿಗೆ ಕುಂಟಿದ. ಹಳೇ ಮಾತ್ರೆಯ ಹೆಸರು ಹೇಳಿದ್ದೂ ಆಯಿತು. ಅಂಗಡಿಯವನು ಅದನ್ನು ಮುಂದಿಟ್ಟಾಗ ಕೈ ಹಿಂದೆಳೆದುಕೊಂಡ. "ಬೇಡ. ಬಿಸಿನೀರಿನ ಚೀಲ ಇದ್ದರೆ ಕೊಡು."

ತಿಂಗಳಾದ ಮೇಲೆ ಪರೀಕ್ಷೆ. ಕಿಡ್ನಿ ಚೇತರಿಸಿಕೊಂಡಿತ್ತು, ಆದರೆ ಸಾಲದು. ಅಕ್ಕ ಹೊರಗಿನ ಬೆಂಚಿನಲ್ಲಿ ಸೆರಗು ಬಾಯಿಗೊತ್ತಿ ಅತ್ತಳು.

"ಯಾಕೆ ಅಳ್ತೀಯೆ? ಸುಧಾರಿಸಿದೆ ಅಂದ್ರಲ್ಲ. ಏಳು, ಅಂಗಡಿ ತೆಗೀಬೇಕು."

ಇನ್ನೊಂದು ತಿಂಗಳು ಹಲ್ಲು ಕಚ್ಚಿ ಕಳೆದ. ನೀರಿನ ಬಾಟಲಿ ಖಾಲಿಯಾಗಿರದಿದ್ದರೆ ಅಕ್ಕ ಗಿರಾಕಿಗಳೆದುರೇ ಬೈಯುತ್ತಿದ್ದಳು. ಈ ಸಲ ಡಾಕ್ಟರಮ್ಮ ಮುಗುಳ್ನಕ್ಕರು.

"ಈಗ ಕೊಡಬಹುದು. ಸಣ್ಣ ಡೋಸಿನಿಂದ ಶುರು. ಆಸ್ಪತ್ರೆಯಲ್ಲೇ ಇರಿ, ರಕ್ತ ನೋಡ್ತಾ ಇರ್ತೀವಿ. ಪೂರ್ತಿ ವಾಸಿಯಾಗುತ್ತೆ ಅಂತ ಮಾತು ಕೊಡಲಾರೆ. ಹಿಡಿತಕ್ಕೆ ಬರಬಹುದು."

"ಅಷ್ಟು ಸಿಕ್ಕಿದರೆ ಮಿಕ್ಕಿದ್ದು ನಾನು ನೋಡ್ಕೋತೀನಿ. ಯಾವತ್ತು ಬರಲಿ?"

ವಾರ್ಡಿನಲ್ಲಿ ನರ್ಸ್ ಕೊಟ್ಟ ಪುಟ್ಟ ಮಾತ್ರೆಯನ್ನು ಅವನು ಒಂದೇ ಗುಟುಕಿಗೆ ನುಂಗಿದ. ಅಕ್ಕ ರೆಪ್ಪೆ ಬಡಿಯದೆ ನೋಡಿದಳು.

"ಏನಾದರೂ ಆಗ್ತಿದೆಯೇನೋ?"

"ಹಸಿವಾಗ್ತಿದೆ," ಎಂದ ಅವನು.