ಹೊಸ ಡಬ್ಬಿಯೊಳಗಿನ ಹಬ್

ಮೈದುನ ತನ್ನ ಬಿಡಿಭಾಗಗಳ ಅಂಗಡಿಯಲ್ಲಿ ಕುರ್ಚಿ ಒರೆಸಿ ಕೂರಿಸಿದಾಗಲೇ ಅವಳ ತಲೆಯೊಳಗೆ ಅನುಮಾನದ ಹುಳ ಹೊಕ್ಕಿತು. ಗಂಡ ಹೋದ ಮೇಲೆ "ಟ್ರಕ್ ಮಾರಿಬಿಡಿ ಅತ್ತಿಗೆ" ಎಂದು ಎರಡು ವರ್ಷ ತಲೆ ತಿಂದವನು, ಇವತ್ತು ಅದೇ ಟ್ರಕ್ಕಿಗೆ ಸಾಮಾನು ಆರಿಸಿಕೊಡಲು ಇಷ್ಟೇಕೆ ಮುತುವರ್ಜಿ?

ಗುಡ್ಡದ ಮೇಲಿನ ಕಲ್ಲುಗಣಿಗೆ ನೀರು ಸಾಗಿಸುವುದು ಅವಳ ಕೆಲಸ. ಹೋದ ವಾರ ಏರಿನಲ್ಲಿ ಲಾಕಿಂಗ್ ಹಬ್ ಕೈಕೊಟ್ಟಿತು. ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಕೂಡಿಸುವುದೇ ಅದು. ಕೂಡದೆ ಹೋದಾಗ ಗಾಡಿ ಡ್ರಮ್ಮುಗಳ ಸಮೇತ ಹಿಂದಕ್ಕೆ ಜಾರಿತ್ತು. ಗಾಡಿಯ ಕಂಪನಿ ಈಗ ಅದನ್ನು ಮಾಡುತ್ತಿಲ್ಲ. ಬೇರೆಯವರ ತಯಾರಿಯೇ ಗತಿ.

ಮೈದುನ ಹೊಸ ಡಬ್ಬಿಯಿಂದ ಒಂದು ಹಬ್ ತೆಗೆದು ಅವಳ ಕೈಗಿಟ್ಟ. "ಇದು ಆಟೋಮ್ಯಾಟಿಕ್. ಕೆಸರಲ್ಲಿ ಇಳಿದು ತಿರುಗಿಸೋ ಗೋಳಿಲ್ಲ."

"ಆ ಮೇಲಿನ ಹಲಗೆಯಲ್ಲಿರೋದು?"

"ಅದು ಕೈಯಲ್ಲಿ ತಿರುಗಿಸೋದು. ನಿಮಗ್ಯಾಕೆ ಆ ತಾಪತ್ರಯ?"

ಅವನು ಬೇಡವೆಂದಷ್ಟೂ ಅವಳ ಕಣ್ಣು ಅತ್ತಲೇ. ಕೈಯಲ್ಲಿದ್ದುದನ್ನು ಬೆಳಕಿಗೆ ಹಿಡಿದಳು. ಥಳಥಳ ಹೊಳೆಯುತ್ತಿತ್ತು, ಆದರೆ ಸ್ಕ್ರೂಗಳ ತಲೆಯ ಮೇಲೆ ಗೀರುಗಳಿದ್ದವು.

"ಬಿಚ್ಚು ಇದನ್ನ."

"ಬಿಚ್ಚಿದ್ರೆ ಡೀಲರ್ ವಾಪಸ್ ತಗೊಳ್ಳಲ್ಲ."

ಅವಳೇ ಬಿಚ್ಚಿದಳು. ಗ್ರೀಸು ಹೊಸದು, ಒಳಗಿನ ಹಲ್ಲುಗಳೆಲ್ಲ ಸವೆದು ಗುಂಡಗಾಗಿದ್ದವು.

"ನಿಮ್ಮಣ್ಣ ಇಲ್ಲ ಅಂತ ನನ್ನ ಕಿವಿಗೆ ಹೂ ಇಡ್ತಿದ್ದೀಯಾ?"

ಮೈದುನ ಅದನ್ನು ಕಸಿದುಕೊಂಡು ನೋಡಿದ. ಇನ್ನೊಂದು ಡಬ್ಬಿ ಬಿಚ್ಚಿದ, ಮತ್ತೊಂದು ಬಿಚ್ಚಿದ. ಎಲ್ಲವೂ ಅದೇ ಕಥೆ. ಫೋನಿಗೆ ಕೈ ಹಾಕಿ ಎರಡು ಸಲ ತಪ್ಪು ನಂಬರ್ ಒತ್ತಿದ.

"ಆಂಬುಲೆನ್ಸ್‌ಗೆ ಮೊನ್ನೆ ಇದನ್ನೇ ಹಾಕಿಕೊಟ್ಟೆ... ಹಲೋ! ಡ್ರೈವರಣ್ಣಾ, ಗುಡ್ಡ ಹತ್ತಬೇಡಿ! ಇದ್ದಲ್ಲೇ ನಿಲ್ಲಿಸಿ, ನಾನೇ ಬರ್ತೀನಿ!"

ಅವನ ಗಾಬರಿ ನಾಟಕವಲ್ಲ ಎಂದು ಅವಳಿಗೆ ಅನ್ನಿಸಿತು. ಆದರೂ ಕೈಯಲ್ಲಿ ತಿರುಗಿಸುವ ಜೋಡಿಯನ್ನು ಇಳಿಸಿ, ಬಿಚ್ಚಿ, ಒಂದೊಂದೇ ಹಲ್ಲಿನ ಮೇಲೆ ಬೆರಳಾಡಿಸಿ ನೋಡಿದ ಮೇಲೆಯೇ ಒಪ್ಪಿದಳು.

ಮರುದಿನ ಏರಿನ ಬುಡದಲ್ಲಿ ಇಳಿದು, ಎರಡೂ ಹಬ್‌ಗಳನ್ನು ತಾನೇ ತಿರುಗಿಸಿ ಲಾಕ್ ಮಾಡಿದಳು. ಗಾಡಿ ಒಂದಿಷ್ಟೂ ಜಾರದೆ ಹತ್ತಿತು. ವಾಪಸ್ ಬರುವಾಗ ಅಂಗಡಿ ಮುಂದೆ ಆಂಬುಲೆನ್ಸ್ ನಿಂತಿತ್ತು. ಅದರ ಚಕ್ರದ ಪಕ್ಕ ಮೈದುನ ಮಂಡಿಯೂರಿ ಕೂತಿದ್ದ, ಮೈಯೆಲ್ಲ ಗ್ರೀಸು.

ಅವಳು ಗಾಡಿ ನಿಲ್ಲಿಸಿದಳು. "ಸರಿ, ನಿನಗೆ ಹಳೇ ಮಾಲು ಕಟ್ಟಿದ ಆ ಡೀಲರ್ ಹತ್ರ ನಾಳೆ ನಾನೂ ಬರ್ತೀನಿ," ಅಂದಳು. "ಮಾತು ನಾನಾಡ್ತೀನಿ. ನೀನು ಸುಮ್ನೆ ಪಕ್ಕದಲ್ಲಿ ನಿಂತಿರು."